ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಸರಿಯಾದ ಸ್ಪಾರ್ಕ್ ಪ್ಲಗ್ ಆರಿಸುವುದು ಹೇಗೆ?

ಎಂಜಿಬಿ, ಟ್ರಯಂಫ್ ಟಿಆರ್, ಆಸ್ಟಿನ್-ಹೀಲಿ, ಜಾಗ್ವಾರ್ ಇ-ಟೈಪ್, ಇವುಗಳಲ್ಲಿ ಯಾವುದಕ್ಕೇ ಪ್ಲಗ್ ಕೇಳಿದರೂ ಅಂಗಡಿಯವರು ಮೊದಲು ವಿಚಾರಿಸುವುದು ಮಾಡೆಲ್ ಮತ್ತು ಇಸವಿ. ಕ್ಯಾಟಲಾಗ್ ನೋಡಿ ಒಂದು ನಂಬರ್ ಹೇಳುತ್ತಾರೆ, ನಾಲ್ಕೋ ಆರೋ ಪ್ಲಗ್ ಕೈಗೆ ಬರುತ್ತವೆ. ಹೊಸ ಕಾರಿಗಾದರೆ ಇಷ್ಟು ಸಾಕು. ಐವತ್ತು ಅರವತ್ತು ವರ್ಷ ಹಳೆಯ ಕಾರಿನ ವಿಷಯ ಬೇರೆ. ಹಿಂದಿನ ಯಾವ ಮಾಲೀಕ ಯಾವ ಹೆಡ್ (ಸಿಲಿಂಡರುಗಳ ಮೇಲೆ ಕೂರುವ, ಪ್ಲಗ್ ಹೊಗುವ ಭಾಗ) ಕೂರಿಸಿದ್ದಾನೆ, ಹೆಡ್ ಎಷ್ಟು ಸಲ ಸ್ಕಿಮ್ ಆಗಿದೆ, ಅಂದರೆ ತಳ ಸಮ ಮಾಡಲು ಹೆರೆಸಿಕೊಂಡಿದೆ, ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಯ ಹೊತ್ತು ನಿರ್ಧರಿಸುವ ಸ್ವಿಚ್) ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ದಾರೆಯೇ, ಇದಾವುದೂ ಕ್ಯಾಟಲಾಗಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಪ್ಲಗ್ ಆರಿಸುವ ಕೆಲಸ ನಿಮ್ಮ ಕಾರಿನಲ್ಲಿ ಈಗ ಕೂತಿರುವ ಎಂಜಿನ್ನಿನಿಂದಲೇ ಶುರುವಾಗಬೇಕು. ನೋಡಬೇಕಾದ ಕ್ರಮ ಇದು: ಮೊದಲು ರೀಚ್, ಆಮೇಲೆ ಮೂತಿಯ ಆಕಾರ, ನಂತರ ಹೀಟ್ ರೇಂಜ್ (ಪ್ಲಗ್ ಎಷ್ಟು ಬಿಸಿಯಾಗಿ ಓಡುತ್ತದೆ ಎಂಬುದು), ಕೊನೆಗೆ ಗ್ಯಾಪ್ (ಕಿಡಿ ಹಾರುವ ಎರಡು ಎಲೆಕ್ಟ್ರೋಡುಗಳ ನಡುವಿನ ಅಂತರ). ಈ ಕ್ರಮ ತಪ್ಪಿಸಬೇಡಿ. ಗ್ಯಾಪ್ ತಪ್ಪಿದರೆ ಎಂಜಿನ್ ಮಿಸ್ ಹೊಡೆಯುತ್ತದೆ ಅಷ್ಟೇ, ರೀಚ್ ತಪ್ಪಿದರೆ ಪಿಸ್ಟನ್ ಹೋಗುತ್ತದೆ.

ರೀಚ್: ಅಳೆಯದೆ ಮುಂದೆ ಹೋಗಬೇಡಿ

ರೀಚ್ ಎಂದರೆ ಪ್ಲಗ್ಗಿನ ಥ್ರೆಡ್ ಭಾಗದ ಉದ್ದ. ವಾಷರ್ ಕೂರುವ ಅಂಚಿನಿಂದ ಥ್ರೆಡ್ ಮುಗಿಯುವ ತುದಿಯವರೆಗೆ ಅಳೆಯಬೇಕು, ಅದರಿಂದಾಚೆ ಚಾಚಿರುವ ಎಲೆಕ್ಟ್ರೋಡನ್ನು ಲೆಕ್ಕಕ್ಕೆ ಹಿಡಿಯಬಾರದು. ಯುದ್ಧಾನಂತರದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು 14 ಮಿ.ಮೀ. ಥ್ರೆಡ್ಡಿನ ಪ್ಲಗ್, ಥ್ರೆಡ್ ಪಿಚ್ 1.25 ಮಿ.ಮೀ. ಆದರೆ ರೀಚ್ ಎರಡು ಬಗೆ: ಅರ್ಧ ಅಂಗುಲ, ಅಂದರೆ 12.7 ಮಿ.ಮೀ., ಮತ್ತು ಮುಕ್ಕಾಲು ಅಂಗುಲ, ಅಂದರೆ 19 ಮಿ.ಮೀ. ಎರಡೂ ಒಂದೇ ತೂತಿಗೆ ಸಲೀಸಾಗಿ ತಿರುಗಿಕೊಂಡು ಹೋಗುತ್ತವೆ. ಅಪಾಯ ಇರುವುದೇ ಅಲ್ಲಿ.

ಗಿಡ್ಡ ರೀಚಿನ ಹೆಡ್ಡಿಗೆ ಉದ್ದದ ಪ್ಲಗ್ ಹಾಕಿದರೆ ಆರು ಮಿಲಿಮೀಟರಿನಷ್ಟು ಥ್ರೆಡ್ ಕಂಬಷನ್ ಚೇಂಬರಿನೊಳಗೆ ಚಾಚಿಕೊಳ್ಳುತ್ತದೆ. ಪಿಸ್ಟನ್ನೋ ವಾಲ್ವೋ ಬಡಿದರೆ ಮೊದಲ ಸಲ ಕ್ರ್ಯಾಂಕ್ ಮಾಡಿದಾಗಲೇ ತಿಳಿಯುತ್ತದೆ. ಬಡಿಯದೇ ಹೋದರೆ ತೊಂದರೆ ನಿಧಾನವಾಗಿ ಬರುತ್ತದೆ. ಬೆತ್ತಲೆ ಥ್ರೆಡ್ ಕಾದು ಕೆಂಪಾಗಿ, ಕಿಡಿ ಹಾರುವ ಮುಂಚೆಯೇ ಮಿಶ್ರಣಕ್ಕೆ ಬೆಂಕಿ ಹೊತ್ತಿಸುತ್ತದೆ. ಈ ಪ್ರಿ-ಇಗ್ನಿಷನ್ ಪಿಸ್ಟನ್ ತಲೆಯಲ್ಲಿ ತೂತು ಕೊರೆಯಬಲ್ಲದು. ಜೊತೆಗೆ ಆ ಥ್ರೆಡ್ಡಿನ ಸಂದಿಗಳಲ್ಲಿ ಇಂಗಾಲ ಗಟ್ಟಿಯಾಗಿ ಕೂರುತ್ತದೆ, ಪ್ಲಗ್ ಬಿಚ್ಚುವಾಗ ಅದು ಹೆಡ್ಡಿನ ಥ್ರೆಡ್ಡನ್ನೂ ಕಿತ್ತುಕೊಂಡು ಹೊರಬರುತ್ತದೆ.

ಉದ್ದ ರೀಚಿನ ಹೆಡ್ಡಿಗೆ ಗಿಡ್ಡ ಪ್ಲಗ್ ಹಾಕಿದರೆ ಅಷ್ಟು ಅನಾಹುತವಿಲ್ಲ, ಆದರೆ ಕಿಡಿ ಹಾರುವುದು ತೂತಿನ ಒಳಗೆ, ಒಂದು ಸಣ್ಣ ಗುಂಡಿಯಲ್ಲಿ. ಸ್ಟಾರ್ಟಿಂಗ್ ಕಷ್ಟ, ಪಿಕಪ್ ಮಂದ. ಖಾಲಿ ಉಳಿದ ಥ್ರೆಡ್ಡಿನಲ್ಲಿ ಮಸಿ ತುಂಬಿರುವುದರಿಂದ ಮುಂದೆ ಸರಿಯಾದ ಪ್ಲಗ್ ತಂದರೂ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಬಲ ಹಾಕಿ ತಿರುಗಿಸಬೇಡಿ. ಥ್ರೆಡ್ ಚೇಸರಿಗೆ (ಥ್ರೆಡ್ ಶುಚಿ ಮಾಡುವ ಸಾಧನ) ಗ್ರೀಸ್ ಸವರಿ ಸ್ವಚ್ಛ ಮಾಡಿಕೊಳ್ಳಿ, ಮಸಿಯ ಪುಡಿ ಸಿಲಿಂಡರಿನೊಳಗೆ ಬೀಳದೆ ಗ್ರೀಸಿಗೆ ಅಂಟಿಕೊಳ್ಳುತ್ತದೆ.

ಈಗ ಕಾರಿನಲ್ಲಿರುವ ಪ್ಲಗ್ಗನ್ನು ಅಳೆದರೆ ಸಾಲದು, ಅದನ್ನೇ ಯಾರಾದರೂ ತಪ್ಪಾಗಿ ಹಾಕಿರಬಹುದು. ಹೆಡ್ಡನ್ನೇ ಅಳೆಯಿರಿ. ಗಟ್ಟಿಯಾದ ಸಣ್ಣ ತಂತಿ ತೆಗೆದುಕೊಂಡು ತುದಿಯನ್ನು ಎರಡು ಮೂರು ಮಿಲಿಮೀಟರಿನಷ್ಟು ಲಂಬವಾಗಿ ಬಾಗಿಸಿ. ಪ್ಲಗ್ ತೂತಿನೊಳಗೆ ಇಳಿಸಿ, ಥ್ರೆಡ್ ಮುಗಿಯುವ ಒಳ ಅಂಚಿಗೆ ಆ ಕೊಕ್ಕೆ ತಗುಲುವವರೆಗೆ ನಿಧಾನ ಮೇಲೆಳೆಯಿರಿ. ಹೊರಗೆ ವಾಷರ್ ಕೂರುವ ಮಟ್ಟಕ್ಕೆ ಸರಿಯಾಗಿ ತಂತಿಗೆ ಮಾರ್ಕರಿನಿಂದ ಗೆರೆ ಎಳೆದು ಹೊರತೆಗೆದು, ಕೊಕ್ಕೆಯ ಮೇಲ್ಮೈಯಿಂದ ಗೆರೆಯವರೆಗೆ ವರ್ನಿಯರಿನಲ್ಲಿ ಅಳೆಯಿರಿ. ಚೇಂಬರಿನ ಗೋಡೆ ಓರೆಯಾಗಿರುವುದರಿಂದ ಸುತ್ತ ಮೂರ್ನಾಲ್ಕು ಕಡೆ ಅಳೆದು ಅತಿ ಕಡಿಮೆ ಬಂದ ಅಳತೆಯನ್ನು ಹಿಡಿಯಿರಿ. 12–13ರ ಆಸುಪಾಸು ಬಂದರೆ ಅರ್ಧ ಅಂಗುಲ, 18–19 ಬಂದರೆ ಮುಕ್ಕಾಲು. ತಂತಿಯ ಇನ್ನೊಂದು ತುದಿಯನ್ನು ದೊಡ್ಡ ಬಳೆಯ ಹಾಗೆ ಸುತ್ತಿಟ್ಟುಕೊಂಡರೆ ಕೈತಪ್ಪಿ ಒಳಗೆ ಬೀಳುವ ಭಯವಿಲ್ಲ.

ಯಾವ ಎಂಜಿನ್ನಿಗೆ ಯಾವ ರೀಚ್

ಬಿಎಂಸಿಯ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಎ-ಸೀರೀಸ್ ಮತ್ತು ಬಿ-ಸೀರೀಸ್ ಎಂಜಿನ್ನುಗಳಿರುವ ಸ್ಪೋರ್ಟ್ಸ್ ಕಾರುಗಳಲ್ಲಿ ಗೊಂದಲ ಕಡಿಮೆ. ಆಸ್ಟಿನ್-ಹೀಲಿ ಸ್ಪ್ರೈಟ್, 1275 ಸಿಸಿವರೆಗಿನ ಎಂಜಿ ಮಿಜೆಟ್, ಎಂಜಿಎ, 1798 ಸಿಸಿಯ ಎಂಜಿಬಿ, ಎಲ್ಲಕ್ಕೂ ಮುಕ್ಕಾಲು ಅಂಗುಲ. ನಮ್ಮ ಅಂಬಾಸಿಡರಿನಲ್ಲಿ ದಶಕಗಳ ಕಾಲ ಇದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಇದೇ ಬಿ-ಸೀರೀಸ್. ಎಂಜಿಎ 1500ರದ್ದೂ ಅದೇ ಕುಟುಂಬ, ಅದೇ ಸಿಸಿ. ಹಾಗಾಗಿ ಅಂಬಾಸಿಡರ್ ಕೆಲಸ ಬಲ್ಲ ಹಿರಿಯ ಮೆಕ್ಯಾನಿಕ್‌ಗೆ ಎಂಜಿಎ ಬಾನೆಟ್ಟಿನ ಕೆಳಗೆ ಹೊಸದೇನೂ ಕಾಣುವುದಿಲ್ಲ. ಆಸ್ಟಿನ್-ಹೀಲಿ 3000ದ ಆರು ಸಿಲಿಂಡರ್ ಎಂಜಿನ್ನಿಗೂ ಜಾಗ್ವಾರ್ ಇ-ಟೈಪಿನ 3.8, 4.2 ಲೀಟರ್ ಎಕ್ಸ್‌ಕೆ ಎಂಜಿನ್ನಿಗೂ ಮುಕ್ಕಾಲು ಅಂಗುಲವೇ.

ಟ್ರಯಂಫಿನಲ್ಲಿ ಹುಷಾರಾಗಿರಬೇಕು. ಟಿಆರ್2ರಿಂದ ಟಿಆರ್4ಎವರೆಗಿನ ನಾಲ್ಕು ಸಿಲಿಂಡರ್ ವೆಟ್ ಲೈನರ್ ಎಂಜಿನ್ನಿಗೆ ಅರ್ಧ ಅಂಗುಲ. ಇದೇ ಎಂಜಿನ್ ಕೂತಿರುವ ಮಾರ್ಗನ್ ಪ್ಲಸ್ 4ಕ್ಕೂ ಹಾಗೆಯೇ. ಆರು ಸಿಲಿಂಡರಿನ ಟಿಆರ್6ಕ್ಕೆ ಮುಕ್ಕಾಲು ಅಂಗುಲ. 'ಟ್ರಯಂಫ್ ಟಿಆರ್ ಪ್ಲಗ್' ಎಂದಷ್ಟೇ ಹೇಳಿ ತಂದರೆ ತಪ್ಪುವುದು ಇಲ್ಲೇ. ಸ್ಪಿಟ್‌ಫೈರಿನಲ್ಲಿ ಮೊದಮೊದಲ ಹೆಡ್ಡುಗಳು ಗಿಡ್ಡ ರೀಚಿನವು, ನಂತರದವು ಉದ್ದ ರೀಚಿನವು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಜಿನ್ನಿಗೂ ಸ್ಪಿಟ್‌ಫೈರಿಗೂ ಮೂಲ ಒಂದೇ ಆದ್ದರಿಂದ ಹೆಡ್ಡುಗಳು ಅದಲು ಬದಲಾಗಿರುವ ಸಾಧ್ಯತೆ ಹೆಚ್ಚು. ಇಂಥ ಕಾರು ಕೈಗೆ ಬಂದರೆ ತಂತಿಯ ಕೊಕ್ಕೆ ಇಳಿಸದೆ ಪ್ಲಗ್ ಕೊಳ್ಳಲೇಬೇಡಿ.

ಎಂಜಿ ಟಿಸಿ, ಟಿಡಿ, ಟಿಎಫ್ ಕಾರುಗಳ ಎಕ್ಸ್‌ಪಿಎಜಿ ಎಂಜಿನ್ನಿನದು ಇನ್ನೂ ಸೂಕ್ಷ್ಮ. ಟಿಸಿ ಮತ್ತು ಮೊದಲಿನ ಟಿಡಿಗಳ ಹೆಡ್ಡಿನಲ್ಲಿ ನೀರು ಹರಿಯುವ ತೂತುಗಳು ಉದ್ದನೆಯ ಆಕಾರದವು, ಬಾಳೆಹಣ್ಣಿನಂತೆ ಬಾಗಿದವು. ಇವಕ್ಕೆ ಅರ್ಧ ಅಂಗುಲದ ಪ್ಲಗ್. ಕೊನೆಯ ಟಿಡಿಗಳಿಗೂ ಟಿಎಫ್‌ಗೂ ಬಂದ ಹೆಡ್ಡಿನಲ್ಲಿ ಆ ತೂತುಗಳು ದುಂಡಗೆ, ಪ್ಲಗ್ ಮುಕ್ಕಾಲು ಅಂಗುಲ. ಇಷ್ಟು ವರ್ಷಗಳಲ್ಲಿ ಎಷ್ಟೋ ಕಾರುಗಳ ಹೆಡ್ ಬದಲಾಗಿದೆ, ಚಾಸಿ ನಂಬರ್ ನೋಡಿ ನಿರ್ಧರಿಸಲಾಗದು.

ರೋವರ್ ವಿ8 ಇರುವ ಎಂಜಿಬಿ ಜಿಟಿ ವಿ8 ಮತ್ತು ಮಾರ್ಗನ್ ಪ್ಲಸ್ 8ರಲ್ಲೂ ಇದೇ ಕಥೆ: ಹಳೆಯ ಹೆಡ್ಡಿಗೆ ಅರ್ಧ ಅಂಗುಲ, ರೋವರ್ ಎಸ್‌ಡಿ1 ಕಾಲದ ಹೆಡ್ಡಿಗೆ ಮುಕ್ಕಾಲು. ಎಸ್‌ಡಿ1 ಹೆಡ್ಡನ್ನು ಹಳೆಯ ವಿ8ಗೆ ಹಾಕುವುದು ಜನಪ್ರಿಯ ಬದಲಾವಣೆಯಾದ್ದರಿಂದ ಇಲ್ಲಿಯೂ ಕ್ಯಾಟಲಾಗ್ ನಂಬುವಂತಿಲ್ಲ.

ನಂಬರ್ ಓದುವುದು

ಪ್ಲಗ್ಗಿನ ಮೇಲಿನ ಅಕ್ಷರಗಳನ್ನು ಓದಲು ಬಂದರೆ ಯಾರನ್ನೂ ಕೇಳಬೇಕಿಲ್ಲ. ಎನ್‌ಜಿಕೆಯ ಬಿಪಿ6ಇಎಸ್ ತೆಗೆದುಕೊಳ್ಳಿ. 'ಬಿ' ಎಂದರೆ 14 ಮಿ.ಮೀ. ಥ್ರೆಡ್, 20.8 ಮಿ.ಮೀ. ಷಟ್ಕೋನ, ಅಂದರೆ 13/16 ಅಂಗುಲದ ಪ್ಲಗ್ ಸ್ಪ್ಯಾನರ್. 'ಪಿ' ಎಂದರೆ ಮೂತಿ ಹೊರಚಾಚಿದ ಪ್ಲಗ್. '6' ಹೀಟ್ ರೇಂಜ್. 'ಇ' ಎಂದರೆ 19 ಮಿ.ಮೀ. ರೀಚ್, ಅದೇ ಜಾಗದಲ್ಲಿ 'ಎಚ್' ಇದ್ದರೆ 12.7. 'ಎಸ್' ತಾಮ್ರದ ತಿರುಳಿನ ಸಾಮಾನ್ಯ ಎಲೆಕ್ಟ್ರೋಡ್. ನಡುವೆ 'ಆರ್' ಸೇರಿ ಬಿಪಿಆರ್6ಇಎಸ್ ಆದರೆ ಒಳಗೆ ರೆಸಿಸ್ಟರ್ ಇದೆ. ಕೊನೆಯಲ್ಲಿ -11 ಇದ್ದರೆ ಕಾರ್ಖಾನೆಯಲ್ಲೇ 1.1 ಮಿ.ಮೀ. ಗ್ಯಾಪ್ ಇಟ್ಟದ್ದು, ಅದು ಈ ಕಾರುಗಳಿಗೆ ಬೇಡ.

ಚಾಂಪಿಯನ್‌ನಲ್ಲಿ 'ಎನ್' ಮುಕ್ಕಾಲು ಅಂಗುಲ, 'ಎಲ್' ಅರ್ಧ ಅಂಗುಲ, 'ವೈ' ಚಾಚಿದ ಮೂತಿ, ಕೊನೆಯ 'ಸಿ' ತಾಮ್ರದ ತಿರುಳು, ಮುಂದಿನ 'ಆರ್' ರೆಸಿಸ್ಟರ್. ಹಳೆಯ ಎಂಜಿಬಿ ಕೈಪಿಡಿಯಲ್ಲಿ ಕಾಣುವ ಎನ್9ವೈ ಇವತ್ತಿನ ಎನ್9ವೈಸಿ.

ಜನ ಎಡವುವುದು ಹೀಟ್ ರೇಂಜಿನ ಅಂಕಿಯಲ್ಲಿ. ಎನ್‌ಜಿಕೆ, ಡೆನ್ಸೋಗಳಲ್ಲಿ ಅಂಕಿ ಏರಿದಷ್ಟೂ ಪ್ಲಗ್ ಕೋಲ್ಡ್. ಚಾಂಪಿಯನ್, ಬಾಷ್‌ಗಳಲ್ಲಿ ಏರಿದಷ್ಟೂ ಹಾಟ್. ಎನ್‌ಜಿಕೆ ಬಿಪಿ6ಇಎಸ್‌ಗೆ ಸಮನಾದವು ಚಾಂಪಿಯನ್ ಎನ್9ವೈಸಿ, ಬಾಷ್ ಡಬ್ಲ್ಯೂ7ಡಿಸಿ, ಡೆನ್ಸೋ ಡಬ್ಲ್ಯೂ20ಇಪಿ-ಯು. ಅರ್ಧ ಅಂಗುಲದ ಬಿಪಿ6ಎಚ್‌ಎಸ್‌ಗೆ ಸಮನಾದವು ಚಾಂಪಿಯನ್ ಎಲ್87ವೈಸಿ, ಬಾಷ್ ಡಬ್ಲ್ಯೂ7ಬಿಸಿ.

ಕರ್ನಾಟಕದವರಿಗೆ ಇನ್ನೊಂದು ತಿರುವಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಳೆಯ ಬಿಡಿಭಾಗದ ಅಂಗಡಿಗಳಲ್ಲಿ ಪೆಟ್ಟಿಗೆ ಒಡೆಯದ ಮೈಕೊ (ಬಾಷ್‌ನ ಭಾರತೀಯ ಕಂಪನಿ) ಪ್ಲಗ್ ಸಿಕ್ಕರೆ ಅದರ ಮೇಲೆ ಬಾಷ್‌ನ ಹಳೆಯ ಪದ್ಧತಿಯ ನಂಬರ್ ಇರಬಹುದು, ಉದಾಹರಣೆಗೆ ಡಬ್ಲ್ಯೂ175ಟಿ30. ಇದು ಇವತ್ತಿನ ಡಬ್ಲ್ಯೂ7ಡಿಗೆ ಸಮ. ಟಿ1 ಎಂದಿದ್ದರೆ ಅರ್ಧ ಅಂಗುಲ, ಟಿ30 ಎಂದಿದ್ದರೆ ಮುಕ್ಕಾಲು ಅಂಗುಲದ ಚಾಚಿದ ಮೂತಿ. ಹಳೆಯ ಪದ್ಧತಿಯಲ್ಲಿ 145ಕ್ಕಿಂತ 175, 175ಕ್ಕಿಂತ 225 ಕೋಲ್ಡ್. ಹೊಸದರಲ್ಲಿ ಲೆಕ್ಕ ತಿರುಗುಮುರುಗು. ಒಂದೇ ಕಂಪನಿಯ ಎರಡು ಪದ್ಧತಿಗಳು ವಿರುದ್ಧ ದಿಕ್ಕಿನವು ಎಂಬುದು ನೆನಪಿರಲಿ. ಪ್ಲಗ್ ಮಾತ್ರ ಒಳ್ಳೆಯ ಮಾಲು, ಪಿಂಗಾಣಿ ಬಿರುಕು ಬಿಡದೆ ಥ್ರೆಡ್ ತುಕ್ಕು ಹಿಡಿಯದೆ ಇದ್ದರೆ ಧಾರಾಳವಾಗಿ ಬಳಸಿ.

ಮೂತಿ: ಚಾಚಿದ್ದೋ, ಒಳಗಿದ್ದದ್ದೋ

ಚಾಚಿದ ಮೂತಿಯ ಪ್ಲಗ್‌ನಲ್ಲಿ ಪಿಂಗಾಣಿ ಲೋಹದ ಕವಚದಿಂದ ಹೊರಬಂದು ಚೇಂಬರಿನೊಳಗೆ ನಿಲ್ಲುತ್ತದೆ. ನಿಧಾನ ಓಡುವಾಗ ಬೇಗ ಬಿಸಿಯಾಗಿ ಮಸಿ ಸುಟ್ಟುಕೊಳ್ಳುತ್ತದೆ, ಜೋರಾಗಿ ಓಡುವಾಗ ಒಳಬರುವ ತಣ್ಣನೆಯ ಮಿಶ್ರಣ ತಗುಲಿ ತಂಪಾಗುತ್ತದೆ. ರಸ್ತೆಯಲ್ಲಿ ಓಡಿಸುವ ಕಾರಿಗೆ ಇದೇ ಉತ್ತಮ. 1950ರ ದಶಕದ ಕಾರಿಗೆ ಆಗಿನ ಕೈಪಿಡಿ ಒಳಮೂತಿಯ ಪ್ಲಗ್ ಹೇಳಿದ್ದರೂ ಹೆಡ್ ಮೂಲ ಸ್ಥಿತಿಯಲ್ಲಿದ್ದರೆ ಚಾಚಿದ್ದನ್ನು ಹಾಕಬಹುದು.

ಹೆಡ್ ಬಹಳ ಸ್ಕಿಮ್ ಆಗಿದ್ದರೆ, ಎತ್ತರದ ತಲೆಯ ಪಿಸ್ಟನ್ ಇದ್ದರೆ ಮೊದಲು ಜಾಗ ಪರೀಕ್ಷಿಸಿ. ಪ್ಲಗ್ ತುದಿಗೆ ಸ್ವಲ್ಪ ಪ್ಲಾಸ್ಟಿಸಿನ್ ಮೆತ್ತಿ ಹಾಕಿ, ಇಗ್ನಿಷನ್ ಆಫ್ ಇರಲಿ, ಉಳಿದ ಪ್ಲಗ್‌ಗಳನ್ನು ಬಿಚ್ಚಿ, ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಹೊರತೆಗೆದು ನೋಡಿ. ಎಲ್ಲಾದರೂ ಒತ್ತಿದ ಗುರುತು ಬಿದ್ದು ಉಳಿದ ದಪ್ಪ ಒಂದೂವರೆ ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಒಳಮೂತಿಯ ಬಿ6ಇಎಸ್ ಅಥವಾ ಬಿ6ಎಚ್‌ಎಸ್ ಕಡೆಗೆ ಹೋಗಿ.

ಹೀಟ್ ರೇಂಜ್

ಪ್ಲಗ್ಗಿನ ಮೂತಿ ಸುಮಾರು 450–500 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಮೇಲೆ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತದೆ. 850ರಿಂದಾಚೆಗೆ ಹೋದರೆ ಮೂತಿಯೇ ಕೊಳ್ಳಿಯಾಗಿ ಪ್ರಿ-ಇಗ್ನಿಷನ್ ಶುರು. ಈ ಎರಡರ ನಡುವೆ ಪ್ಲಗ್ಗನ್ನು ಇಡುವುದೇ ಹೀಟ್ ರೇಂಜ್ ಆಯ್ಕೆ. ಒಳಗಿನ ಪಿಂಗಾಣಿಯ ಮೂತಿ ಉದ್ದವಿದ್ದರೆ ಶಾಖ ಹೆಡ್ಡಿಗೆ ಇಳಿಯುವ ದಾರಿ ದೂರ, ಅದು ಹಾಟ್ ಪ್ಲಗ್. ಗಿಡ್ಡವಿದ್ದರೆ ಕೋಲ್ಡ್. ಕಿಡಿಯ ಬಲಕ್ಕೂ ಇದಕ್ಕೂ ಸಂಬಂಧವಿಲ್ಲ. 'ಹಾಟ್ ಪ್ಲಗ್ ಹಾಕಿದರೆ ಜೋರಾಗಿ ಓಡುತ್ತದೆ' ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಮೂಲ ಸ್ಥಿತಿಯ ಎಂಜಿನ್ನಿಗೆ ಆರಂಭದ ಆಯ್ಕೆ ಹೀಗಿರಲಿ. ಎಂಜಿಎ, ಎಂಜಿಬಿ, ಸ್ಪ್ರೈಟ್, ಮಿಜೆಟ್, ಹೀಲಿ 3000, ಟಿಆರ್6: ಬಿಪಿ6ಇಎಸ್. ಟಿಆರ್2ರಿಂದ ಟಿಆರ್4ಎ ಮತ್ತು ಗಿಡ್ಡ ರೀಚಿನ ಎಕ್ಸ್‌ಪಿಎಜಿ: ಬಿಪಿ6ಎಚ್‌ಎಸ್. ಉದ್ದ ರೀಚಿನ ಎಕ್ಸ್‌ಪಿಎಜಿ: ಬಿಪಿ6ಇಎಸ್. 4.2 ಲೀಟರ್ ಇ-ಟೈಪ್: ಒಂದು ಮೆಟ್ಟಿಲು ಹಾಟ್, ಅಂದರೆ ಬಿಪಿ5ಇಎಸ್ ಅಥವಾ ಚಾಂಪಿಯನ್ ಎನ್11ವೈಸಿ. ಕ್ಯಾಮ್ ಬದಲಿಸಿ ಕಂಪ್ರೆಷನ್ ಏರಿಸಿ ಟ್ರ್ಯಾಕಿನಲ್ಲಿ ಓಡಿಸುವ ಬಿ-ಸೀರೀಸ್ ಎಂಜಿನ್ನಿಗೆ ಬಿಪಿ7ಇಎಸ್.

ಇಲ್ಲಿಂದ ಆಚೀಚೆ ಹೋಗುವುದಾದರೆ ಒಂದೇ ಮೆಟ್ಟಿಲು, ಅದೂ ಕಾರ್ಬೊರೇಟರ್ ಮತ್ತು ಟೈಮಿಂಗ್ ಸರಿಯಿವೆ ಎಂದು ಖಚಿತವಾದ ಮೇಲೆ. ವಾರಕ್ಕೊಮ್ಮೆ ನಗರದ ಟ್ರಾಫಿಕ್ಕಿನಲ್ಲಿ ಐಡ್ಲಿಂಗ್‌ನಲ್ಲೇ ಕಾಲ ಕಳೆಯುವ ಎಂಜಿಬಿಯ ಪ್ಲಗ್ ಪದೇ ಪದೇ ಕಪ್ಪಾಗುತ್ತಿದ್ದರೆ ಬಿಪಿ5ಇಎಸ್ ಹಾಕಿ ನೋಡಬಹುದು. ಅದೇ ಕಾರಿನಲ್ಲಿ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಫುಲ್ ಲೋಡಿನಲ್ಲಿ ಹತ್ತುವುದಿದ್ದರೆ 6ಕ್ಕೆ ಹಿಂತಿರುಗಿ. ದೀರ್ಘ ಏರಿನಲ್ಲಿ ಹಾಟ್ ಪ್ಲಗ್ ಇಟ್ಟುಕೊಳ್ಳುವುದು ಅಪಾಯ.

ಎತ್ತರವನ್ನೂ ಗಮನಿಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿ ತೆಳುವಾದ್ದರಿಂದ ಮಂಗಳೂರಿನಲ್ಲಿ ಸರಿಯಾಗಿ ಟ್ಯೂನ್ ಮಾಡಿದ ಎಸ್‌ಯು ಕಾರ್ಬೊರೇಟರ್ ಇಲ್ಲಿಗೆ ಬಂದಾಗ ಸ್ವಲ್ಪ ರಿಚ್ (ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ) ಓಡುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ. ಇದಕ್ಕೆ ಪ್ಲಗ್ ಬದಲಿಸುವುದಲ್ಲ, ಪೆಟ್ರೋಲ್ ಪ್ರಮಾಣ ಹೊಂದಿಸುವ ಜೆಟ್ ನಟ್ಟನ್ನು ಒಂದು ಮುಖದಷ್ಟು (ಷಟ್ಕೋನದ ಒಂದು ಬದಿ) ಮೇಲೇರಿಸುವುದೇ ಔಷಧ. ಎಥನಾಲ್ ಬೆರೆತ ಪೆಟ್ರೋಲಿನದು ವಿರುದ್ಧ ಪರಿಣಾಮ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಇ10 (ಶೇಕಡಾ ಹತ್ತರವರೆಗೆ ಎಥನಾಲ್), ಭಾರತದಲ್ಲಿ ಈಗ ಇ20. ಎಥನಾಲ್ ತನ್ನೊಳಗೇ ಆಮ್ಲಜನಕ ತರುವುದರಿಂದ ಮಿಶ್ರಣ ಲೀನ್ (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ) ಆಗುತ್ತದೆ, ಪ್ಲಗ್ ಬಿಸಿಯೇರುತ್ತದೆ. ಆಗ ಜೆಟ್ ನಟ್ ಒಂದೆರಡು ಮುಖ ಕೆಳಗಿಳಿಸಬೇಕಾಗುತ್ತದೆ. ಎರಡೂ ಒಟ್ಟಿಗಿರುವ ಊರಿನಲ್ಲಿ ಲೆಕ್ಕ ಹಾಕುತ್ತ ಕೂರುವುದಕ್ಕಿಂತ ಪ್ಲಗ್ ಬಿಚ್ಚಿ ಬಣ್ಣ ನೋಡುವುದೇ ಸರಿ.

ಗ್ಯಾಪ್, ಕಾಯಿಲ್, ರೆಸಿಸ್ಟರ್

ಪಾಯಿಂಟ್ ಇರುವ ಲೂಕಾಸ್ ಡಿಸ್ಟ್ರಿಬ್ಯೂಟರ್ ಮತ್ತು ಸಾಮಾನ್ಯ ಕಾಯಿಲ್ ಇದ್ದರೆ 0.025 ಅಂಗುಲ, ಅಂದರೆ 0.64 ಮಿ.ಮೀ. ಹೊಸ ಪ್ಲಗ್ ಪೆಟ್ಟಿಗೆಯಿಂದ ಬರುವಾಗ 0.8ರ ಹತ್ತಿರ ಇರುತ್ತದೆ, 'ಗ್ಯಾಪ್ ಮಾಡಿಯೇ ಬಂದಿದೆ' ಎಂಬ ಮಾತು ನಂಬಿ ಹಾಗೇ ಹಾಕಬೇಡಿ. ಎಲೆಕ್ಟ್ರಾನಿಕ್ ಇಗ್ನಿಷನ್ ಜೊತೆಗೆ ಬಲವಾದ ಕಾಯಿಲ್ ಇದ್ದರೆ 0.030ರಿಂದ 0.035 ಅಂಗುಲದವರೆಗೆ ಹೋಗಬಹುದು. ಹಳೆಯ ಕಾಯಿಲಿನ ಮೇಲೆ ಗ್ಯಾಪ್ ಹಿಗ್ಗಿಸಿದರೆ ಐಡ್ಲಿಂಗ್ ಚೆನ್ನಾಗಿದ್ದು ಆಕ್ಸಿಲರೇಟರ್ ಒತ್ತಿದಾಗ ಮಿಸ್ಸಿಂಗ್ ಬರುತ್ತದೆ. ಸಿಲಿಂಡರಿನಲ್ಲಿ ಒತ್ತಡ ಏರಿದಷ್ಟೂ ಅದೇ ಗ್ಯಾಪ್ ದಾಟಲು ಹೆಚ್ಚು ವೋಲ್ಟೇಜ್ ಬೇಕಾಗುವುದು ಇದಕ್ಕೆ ಕಾರಣ.

ಬಾಗಿಸುವುದು ಹೊರಗಿನ ಎಲೆಕ್ಟ್ರೋಡನ್ನು ಮಾತ್ರ. ನಡುವಿನದಕ್ಕೆ ಮೀಟುಗೋಲು ಕೊಟ್ಟರೆ ಪಿಂಗಾಣಿ ಕಣ್ಣಿಗೆ ಕಾಣದಷ್ಟು ಸೀಳುತ್ತದೆ. ಬಳಸಿದ ಪ್ಲಗ್‌ಗೆ ಚಪ್ಪಟೆ ಫೀಲರ್ ಗೇಜಿಗಿಂತ ತಂತಿಯ ಗೇಜ್ ನಿಖರ, ಏಕೆಂದರೆ ಸವೆದ ಎಲೆಕ್ಟ್ರೋಡಿನ ತಗ್ಗನ್ನು ಚಪ್ಪಟೆ ಗೇಜ್ ಅಳೆಯುವುದಿಲ್ಲ.

ಕಾಯಿಲಿನ ಪೊಲಾರಿಟಿ ಅನೇಕರ ಗಮನಕ್ಕೆ ಬಾರದ ಸಂಗತಿ. ಈ ಕಾರುಗಳಲ್ಲಿ ಬಹುಪಾಲು ಮೊದಲು ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ತುದಿ ಕಾರಿನ ಬಾಡಿಗೆ ಜೋಡಿಸಿದ್ದು) ಆಗಿದ್ದವು, ಎಂಜಿಬಿ 1968ರ ಮಾಡೆಲ್‌ಗೆ ನೆಗೆಟಿವ್ ಅರ್ತ್ ಆಯಿತು. ಹಳೆಯದನ್ನು ನೆಗೆಟಿವ್ ಅರ್ತ್‌ಗೆ ಬದಲಿಸಿದವರು ಬ್ಯಾಟರಿ ತಿರುಗಿಸಿ ಕಾಯಿಲಿನ ವೈರುಗಳನ್ನು ಹಾಗೇ ಬಿಟ್ಟಿದ್ದರೆ ಕಿಡಿ ತಿರುಗುಮುರುಗಾಗಿ ಹಾರುತ್ತದೆ. ಬಿಸಿಯಾದ ನಡು ಎಲೆಕ್ಟ್ರೋಡಿನಿಂದ ಕಿಡಿ ಹೊರಡುವುದು ಸುಲಭ, ತಣ್ಣನೆಯ ಹೊರ ಎಲೆಕ್ಟ್ರೋಡಿನಿಂದ ಕಷ್ಟ. ಹೊಸ ಪ್ಲಗ್ ಹಾಕಿದರೂ ಮಿಸ್ಸಿಂಗ್ ನಿಲ್ಲದಿದ್ದರೆ ಇದನ್ನು ನೋಡಿ. ನೆಗೆಟಿವ್ ಅರ್ತ್ ಕಾರಿನಲ್ಲಿ ಕಾಯಿಲಿನ ಪ್ಲಸ್ ಟರ್ಮಿನಲ್ ಇಗ್ನಿಷನ್ ಸ್ವಿಚ್ಚಿಗೆ, ಮೈನಸ್ ಡಿಸ್ಟ್ರಿಬ್ಯೂಟರಿಗೆ. ಪ್ಲಸ್ ಮೈನಸ್ ಬದಲು ಎಸ್‌ಡಬ್ಲ್ಯೂ, ಸಿಬಿ ಎಂದು ಬರೆದ ಹಳೆಯ ಪಾಸಿಟಿವ್ ಅರ್ತ್ ಕಾಯಿಲಾದರೆ ಎರಡು ವೈರುಗಳನ್ನೂ ಅದಲು ಬದಲು ಮಾಡಿ.

ರೆಸಿಸ್ಟರ್ ಪ್ಲಗ್ ಬೇಕೇ? ಪಾಯಿಂಟ್ ಇದ್ದು ರೇಡಿಯೋ ಇಲ್ಲದಿದ್ದರೆ ಬೇಕಿಲ್ಲ. ಡಿಸ್ಟ್ರಿಬ್ಯೂಟರಿನೊಳಗೆ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿ, ಜೊತೆಗೆ ಬರಿ ತಾಮ್ರದ ತಂತಿಯ ಎಚ್‌ಟಿ ಲೀಡ್ (ಪ್ಲಗ್ಗಿಗೆ ಹೋಗುವ ಹೈ-ಟೆನ್ಷನ್ ವೈರು) ಉಳಿಸಿಕೊಂಡಿದ್ದರೆ ಬೇಕೇ ಬೇಕು. ಲೀಡಿನಿಂದ ಹೊಮ್ಮುವ ವಿದ್ಯುತ್ ಗದ್ದಲಕ್ಕೆ ಮಾಡ್ಯೂಲ್ ಗೊಂದಲಗೊಂಡು ತಪ್ಪು ಹೊತ್ತಿನಲ್ಲಿ ಕಿಡಿ ಕೊಡುತ್ತದೆ. ಬಿಪಿಆರ್6ಇಎಸ್ ಹಾಕಿ, ಅಥವಾ ಕಾರ್ಬನ್ ತಿರುಳಿನ ಲೀಡ್ ಹಾಕಿ.

ಇರಿಡಿಯಮ್, ಪ್ಲಾಟಿನಮ್ ಪ್ಲಗ್‌ಗಳಿಗೆ ಈ ಎಂಜಿನ್ನುಗಳಲ್ಲಿ ದುಡ್ಡು ಹಾಕುವುದು ವ್ಯರ್ಥ. ಅವುಗಳ ಗುಣ ದೀರ್ಘ ಬಾಳಿಕೆ. ಕೈಯಿಂದ ಎಳೆಯುವ ಚೋಕ್ ಇರುವ ಕಾರಿನಲ್ಲಿ ಪ್ಲಗ್ ಸವೆಯುವ ಮುಂಚೆ ಮಸಿಯಿಂದ ಕೆಡುತ್ತದೆ, ಅದರ ಸೂಕ್ಷ್ಮ ತುದಿಯನ್ನು ಉಜ್ಜಿ ಸ್ವಚ್ಛ ಮಾಡುವಂತೆಯೂ ಇಲ್ಲ. ಅದೇ ದುಡ್ಡಿನಲ್ಲಿ ಎರಡು ಸೆಟ್ ಸಾದಾ ಪ್ಲಗ್ ಬರುತ್ತದೆ.

ನಕಲಿ ಮಾಲಿನ ಬಗ್ಗೆ ಎಚ್ಚರ. ಬಿಪಿ6ಇಎಸ್‌ನಂಥ ಹೆಚ್ಚು ಬಿಕರಿಯಾಗುವ ನಂಬರಿನಲ್ಲಿ ನಕಲಿ ಧಾರಾಳ. ಅಸಲಿಯ ವಾಷರ್ ಥ್ರೆಡ್ಡಿನಿಂದ ಸುಲಭಕ್ಕೆ ಕಳಚಿ ಬರುವುದಿಲ್ಲ, ನಡು ಎಲೆಕ್ಟ್ರೋಡ್ ಸರಿಯಾಗಿ ಮಧ್ಯದಲ್ಲಿರುತ್ತದೆ, ಥ್ರೆಡ್ ನುಣುಪಾಗಿರುತ್ತದೆ. ಪಿಂಗಾಣಿಯ ಮೇಲಿನ ಅಕ್ಷರ ಉಗುರಿಗೆ ಉದುರಿದರೆ ವಾಪಸ್ ಕೊಡಿ.

ಹಾಕುವ ಕೆಲಸ

ಎಂಜಿನ್ ಪೂರ್ತಿ ತಣ್ಣಗಿರಲಿ. ಇ-ಟೈಪ್, ಲೋಟಸ್ ಎಲಾನ್, ರೋವರ್ ವಿ8ಗಳಂಥ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಬಿಸಿಯಿರುವಾಗ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ಲೀಡುಗಳಿಗೆ ಟೇಪ್ ಸುತ್ತಿ ನಂಬರ್ ಬರೆಯಿರಿ. ಎ ಮತ್ತು ಬಿ-ಸೀರೀಸಿಗೆ ಫೈರಿಂಗ್ ಆರ್ಡರ್ 1-3-4-2, ಟಿಆರ್6ಕ್ಕೂ ಜಾಗ್ವಾರ್ ಎಕ್ಸ್‌ಕೆಗೂ 1-5-3-6-2-4. ಜಾಗ್ವಾರ್ ಎಕ್ಸ್‌ಕೆಯಲ್ಲಿ ಒಂದನೇ ಸಿಲಿಂಡರ್ ಹಿಂದೆ, ಗೇರ್‌ಬಾಕ್ಸ್ ಕಡೆಗಿದೆ. ಮುಂದಿನಿಂದ ಎಣಿಸಿದರೆ ಎಲ್ಲ ತಲೆಕೆಳಗು.

ಪ್ಲಗ್ಗನ್ನು ಒಂದು ಸುತ್ತು ಸಡಿಲಿಸಿ, ಸುತ್ತಲಿನ ಮಣ್ಣು ಮರಳನ್ನು ಗಾಳಿ ಊದಿ ತೆಗೆದು, ಆಮೇಲೆ ಪೂರ್ತಿ ಬಿಚ್ಚಿ. ಎರಡು ಕ್ಯಾಮ್‌ಶಾಫ್ಟ್ ಇರುವ ಎಂಜಿನ್ನುಗಳಲ್ಲಿ ಪ್ಲಗ್ ಬಾವಿಯಂಥ ಗುಂಡಿಯಲ್ಲಿರುವುದರಿಂದ ಇದು ಬಹಳ ಮುಖ್ಯ. ಬಿಚ್ಚಿದವನ್ನು ಸಿಲಿಂಡರ್ ಕ್ರಮದಲ್ಲೇ ಜೋಡಿಸಿಡಿ.

ಹೊಸದನ್ನು ಶುರು ಮಾಡುವಾಗ ಸ್ಪ್ಯಾನರ್ ಬೇಡ. ಅರ್ಧ ಅಡಿ ಪೆಟ್ರೋಲ್ ಪೈಪನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ ಬೆರಳಿನಿಂದ ತಿರುಗಿಸಿ. ಥ್ರೆಡ್ ಅಡ್ಡ ಹಿಡಿದರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ವಾಷರ್ ಕೂತ ಮೇಲೆ ಟಾರ್ಕ್ ವ್ರೆಂಚಿನಲ್ಲಿ ಬೀಡು ಕಬ್ಬಿಣದ ಹೆಡ್ಡಿಗೆ 25–35, ಅಲ್ಯೂಮಿನಿಯಂಗೆ 25–30 ನ್ಯೂಟನ್ ಮೀಟರ್. ವ್ರೆಂಚ್ ಇಲ್ಲವಾದರೆ ಹೊಸ ವಾಷರಿಗೆ ಅರ್ಧ ಸುತ್ತು, ಒಮ್ಮೆ ಒತ್ತಿಹೋದ ಹಳೆಯ ವಾಷರಿಗೆ ಹನ್ನೆರಡನೇ ಒಂದು ಸುತ್ತು. ಆ್ಯಂಟಿ-ಸೀಜ್ ಹಚ್ಚುವುದಾದರೆ ಒಂದು ಚುಕ್ಕೆ ಸಾಕು, ಟಾರ್ಕ್ ಕೆಳಮಿತಿಗಿಂತಲೂ ಸ್ವಲ್ಪ ಇಳಿಸಿ. ಸಡಿಲ ಬಿಟ್ಟರೂ ತಪ್ಪೇ: ಶಾಖ ಹೆಡ್ಡಿಗೆ ಇಳಿಯುವ ಮುಖ್ಯ ದಾರಿ ಥ್ರೆಡ್ ಮತ್ತು ವಾಷರ್, ಅಲ್ಲಿ ಬಿಗಿ ಇಲ್ಲದಿದ್ದರೆ ಸರಿಯಾದ ಹೀಟ್ ರೇಂಜಿನ ಪ್ಲಗ್ ಕೂಡ ಸುಡುತ್ತದೆ.

ಬಣ್ಣ ಓದುವುದು

ಮನೆ ಮುಂದೆ ಐಡ್ಲಿಂಗ್ ಬಿಟ್ಟು ಬಿಚ್ಚಿದರೆ ಯಾವ ಪ್ಲಗ್ ಆದರೂ ಕಪ್ಪೇ. ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ, ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಎಂಜಿನ್ ಎಳೆಯುತ್ತಿರುವಾಗಲೇ ಕ್ಲಚ್ ಒತ್ತಿ ಇಗ್ನಿಷನ್ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿ. ಸ್ಟೀರಿಂಗ್ ಲಾಕ್ ಇರುವ ಕಾರಿನಲ್ಲಿ ಕೀಲಿಯನ್ನು ಲಾಕ್ ಸ್ಥಾನದವರೆಗೆ ತಿರುಗಿಸಬಾರದು. ತಣಿಯಲು ಬಿಟ್ಟು ಬಿಚ್ಚಿ, ಹಗಲು ಬೆಳಕಿನಲ್ಲಿ ನೋಡಿ.

ಪಿಂಗಾಣಿ ತಿಳಿ ಕಂದು ಅಥವಾ ಬೂದು ಬಣ್ಣಕ್ಕಿದ್ದರೆ ಸರಿ. ಈಗಿನ ಸೀಸರಹಿತ ಪೆಟ್ರೋಲಿನಲ್ಲಿ ಹಳೆಯ ಪುಸ್ತಕಗಳ ಚಿತ್ರಕ್ಕಿಂತ ತಿಳಿಯಾಗಿಯೇ ಕಾಣುತ್ತದೆ, ಅದಕ್ಕೆ ಗಾಬರಿ ಬೇಡ. ಒಣ ಕಪ್ಪು ಮಸಿ ಎಂದರೆ ರಿಚ್ ಮಿಶ್ರಣ, ಇಲ್ಲವೇ ಚೋಕ್ ಪೂರ್ತಿ ಹಿಂದೆ ಹೋಗುತ್ತಿಲ್ಲ. ಎರಡು ಎಸ್‌ಯು ಇರುವ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ 1 ಮತ್ತು 2 ಕಪ್ಪಾಗಿ 3, 4 ಸರಿಯಿದ್ದರೆ ಮುಂದಿನ ಕಾರ್ಬೊರೇಟರ್ ಒಂದೇ ರಿಚ್, ಪ್ಲಗ್ ಅಮಾಯಕ. ಒದ್ದೆ, ಜಿಡ್ಡು ಕಪ್ಪಾದರೆ ವಾಲ್ವ್ ಗೈಡ್ ಅಥವಾ ರಿಂಗ್ ಸವೆದಿದೆ. ಹಾಟ್ ಪ್ಲಗ್ ಹಾಕಿ ಸ್ವಲ್ಪ ದಿನ ದೂಡಬಹುದು, ರೋಗ ಅಲ್ಲೇ ಇರುತ್ತದೆ. ಸುಣ್ಣದಂತೆ ಬಿಳಿಚಿ, ಗುಳ್ಳೆ ಎದ್ದಿದ್ದರೆ ಲೀನ್ ಮಿಶ್ರಣ, ಹೆಚ್ಚಾದ ಅಡ್ವಾನ್ಸ್ (ಕಿಡಿ ತೀರಾ ಮುಂಚೆ ಹಾರುವುದು) ಅಥವಾ ತೀರಾ ಹಾಟ್ ಪ್ಲಗ್. ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಷ್ಟು ಸಣ್ಣ ಬೆಳ್ಳಿ ಅಥವಾ ಕಪ್ಪು ಚುಕ್ಕೆ ಕಂಡರೆ ಕಾರನ್ನು ಅಲ್ಲೇ ನಿಲ್ಲಿಸಿ. ಅದು ಡೆಟೊನೇಷನ್ನಿನ (ಮಿಶ್ರಣ ಸ್ಫೋಟದಂತೆ ಒಮ್ಮೆಲೇ ಉರಿಯುವುದು) ಗುರುತು, ಬೆಳ್ಳಿ ಚುಕ್ಕೆಯಾದರೆ ಪಿಸ್ಟನ್ನಿನ ಅಲ್ಯೂಮಿನಿಯಂ. ಟೈಮಿಂಗ್ ಹಿಂದಕ್ಕೆ ಸರಿಸಿ ಮಿಶ್ರಣ ಪರೀಕ್ಷಿಸುವವರೆಗೆ ಓಡಿಸಬೇಡಿ.

ಪ್ಲಗ್ ಚೆನ್ನಾಗಿದ್ದೂ ಮಿಸ್ ಹೊಡೆಯುತ್ತಿದ್ದರೆ ರೋಟರ್ ಆರ್ಮ್ ಮತ್ತು ಕಂಡೆನ್ಸರ್ ಬದಲಿಸಿ ನೋಡಿ. ಈಗ ಮಾರುಕಟ್ಟೆಯಲ್ಲಿರುವ ಅಗ್ಗದ ಕಂಡೆನ್ಸರ್‌ಗಳು ಬಿಸಿಯಾದಾಗ ಕೈಕೊಡುತ್ತವೆ, ಬೈಗುಳ ಮಾತ್ರ ಪ್ಲಗ್ಗಿಗೆ ಬೀಳುತ್ತದೆ.

ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಬಿಚ್ಚಿ ಗ್ಯಾಪ್ ನೋಡಿ, ಇಪ್ಪತ್ತು ಸಾವಿರಕ್ಕೆ ಬದಲಿಸಿ. ವರ್ಷಕ್ಕೆ ಸಾವಿರ ಕಿಲೋಮೀಟರೂ ಓಡದ ಕಾರಿನಲ್ಲಿ ದೂರ ಲೆಕ್ಕಿಸದೆ ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು, ಇಲ್ಲವಾದರೆ ಥ್ರೆಡ್ ಕಚ್ಚಿಕೊಂಡು ಬಿಡುತ್ತದೆ. ಸ್ವಚ್ಛ ಮಾಡಲು ಹಿತ್ತಾಳೆಯ ಮೆದು ಬ್ರಷ್ಷನ್ನು ಥ್ರೆಡ್ಡಿಗಷ್ಟೇ ಬಳಸಿ. ಪಿಂಗಾಣಿಯ ಮೇಲೆ ಲೋಹದ ಬ್ರಷ್ ಉಜ್ಜಿದರೆ ಅದು ಬಿಟ್ಟ ಗೆರೆಯ ಮೇಲೆಯೇ ಕರೆಂಟ್ ಸೋರಿ ಹೋಗುತ್ತದೆ. ಥ್ರೆಡ್ ಈಗಾಗಲೇ ಹೋಗಿದ್ದರೆ ಎಂ-ಸೀಲ್, ದಪ್ಪ ವಾಷರ್ ಇತ್ಯಾದಿ ಪ್ರಯೋಗ ಬೇಡ. ಹೆಡ್ ಕಳಚಿ, ಅಳೆದ ರೀಚಿಗೆ ಸರಿಹೊಂದುವ ಉದ್ದದ 14×1.25 ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಅಥವಾ ಗಟ್ಟಿ ಇನ್ಸರ್ಟ್ ಹಾಕಿಸಿ, ಒಳ ಅಂಚು ಚೇಂಬರ್ ಗೋಡೆಗೆ ಸಮವಾಗಿದೆಯೇ ಎಂದು ಬೆರಳಿನಿಂದ ಸವರಿ ನೋಡಿದ ಮೇಲೆಯೇ ಹೆಡ್ ಮತ್ತೆ ಕೂರಿಸಿ.